ಪ್ರಶಸ್ತಿ ಹೊರಗೆ, ಪ್ರೇಕ್ಷಕರು ಒಳಗೆ

2025ರ ಮೇ 24ರಂದು ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯಾದ ಪಾಮ್ ದೋರ್ ಇರಾನಿನ ಜಾಫರ್ ಪನಾಹಿಯವರ ‘ಇಟ್ ವಾಸ್ ಜಸ್ಟ್ ಆ್ಯನ್ ಆ್ಯಕ್ಸಿಡೆಂಟ್’ ಚಿತ್ರಕ್ಕೆ ಸಂದಿತು. ವೆನಿಸ್‌ನ ಗೋಲ್ಡನ್ ಲಯನ್ 2000ರಲ್ಲೇ ಅವರಿಗೆ ಬಂದಿತ್ತು, ಬರ್ಲಿನ್‌ನ ಗೋಲ್ಡನ್ ಬೇರ್ 2015ರಲ್ಲಿ. ಯುರೋಪಿನ ಈ ಮೂರು ದೊಡ್ಡ ಚಿತ್ರೋತ್ಸವಗಳ ಮೊದಲ ಪ್ರಶಸ್ತಿಗಳನ್ನೆಲ್ಲ ಗೆದ್ದವರಲ್ಲಿ ಇಂದು ನಮ್ಮ ನಡುವೆ ಇರುವವರು ಪನಾಹಿ ಒಬ್ಬರೇ. ಉಳಿದ ಮೂವರು ನಿರ್ದೇಶಕರಾದ ಕ್ಲೂಝೋ, ಆಂಟೋನಿಯೋನಿ, ಆಲ್ಟ್‌ಮನ್ ತೀರಿಕೊಂಡು ವರ್ಷಗಳೇ ಆದವು. ಪ್ರಶಸ್ತಿಯನ್ನು ನಿರ್ಧರಿಸಿದ ಜ್ಯೂರಿಯ ಅಧ್ಯಕ್ಷೆ ಫ್ರೆಂಚ್ ನಟಿ ಜೂಲಿಯೆಟ್ ಬಿನೋಷ್. ನಮ್ಮ ನಿರ್ದೇಶಕಿ ಪಾಯಲ್ ಕಪಾಡಿಯಾ ಕೂಡ ಆ ಮಂಡಳಿಯಲ್ಲಿದ್ದರು. 2010ರಲ್ಲಿ ಇದೇ ಬಿನೋಷ್ ಅಬ್ಬಾಸ್ ಕಿಯಾರೊಸ್ತಮಿಯವರ ‘ಸರ್ಟಿಫೈಡ್ ಕಾಪಿ’ಯ ಅಭಿನಯಕ್ಕಾಗಿ ಕಾನ್‌ನ ಅತ್ಯುತ್ತಮ ನಟಿ ಪ್ರಶಸ್ತಿ ಪಡೆದಾಗ, ಪನಾಹಿಯವರ ಹೆಸರು ಬರೆದ ಫಲಕವನ್ನು ವೇದಿಕೆಯ ಮೇಲೆ ಎತ್ತಿ ಹಿಡಿದಿದ್ದರು. ಪನಾಹಿ ಆಗ ಟೆಹರಾನಿನ ಜೈಲಿನಲ್ಲಿದ್ದರು. ಆ ವರ್ಷದ ಜ್ಯೂರಿಗೆ ಅವರನ್ನೂ ಆಹ್ವಾನಿಸಲಾಗಿತ್ತು, ಅವರ ಕುರ್ಚಿಯನ್ನು ಖಾಲಿಯಾಗಿಯೇ ಉಳಿಸಿಕೊಂಡಿದ್ದರು.

ಇಂಥ ಹಿನ್ನೆಲೆಯಿರುವ ಪ್ರಶಸ್ತಿಯನ್ನು ಸಿನಿಮಾಕ್ಕೆ ಕೊಟ್ಟರೋ, ಸಿನಿಮಾ ಮಾಡಿದವರ ಧೈರ್ಯಕ್ಕೆ ಕೊಟ್ಟರೋ ಎಂಬ ಪ್ರಶ್ನೆ ಏಳುವುದು ಸಹಜ. ಇರಾನಿನ ಸರ್ಕಾರ ಹೇಳುವುದು ಒಂದು ಬಗೆ: ದೇಶದ ಮುಖಕ್ಕೆ ಮಸಿ ಬಳಿಯುವವರಿಗೆ ಪಶ್ಚಿಮದವರು ಬಹುಮಾನ ಹಂಚುತ್ತಾರೆ. ಪಶ್ಚಿಮದ ಕೆಲವು ವಿಮರ್ಶಕರದು ಇನ್ನೊಂದು ಬಗೆ: ಜ್ಯೂರಿಗಳು ರಾಜಕೀಯ ಕರುಣೆಗೆ ಮಣಿಯುತ್ತಾರೆ, ಕಲೆ ಹಿಂದೆ ಬೀಳುತ್ತದೆ. ವಿರುದ್ಧ ದಿಕ್ಕಿನಿಂದ ಬಂದಂತೆ ಕಂಡರೂ ಎರಡೂ ಆರೋಪಗಳು ಒಂದೇ ನಂಬಿಕೆಯ ಮೇಲೆ ನಿಂತಿವೆ. ಚಿತ್ರದ ಕಸುಬು ಬೇರೆ, ಚಿತ್ರ ಹುಟ್ಟಿದ ಕಷ್ಟ ಬೇರೆ ಎಂಬುದು ಆ ನಂಬಿಕೆ. ಸುಮಾರು ಅರವತ್ತು ವರ್ಷಗಳ ಇರಾನಿ ಸಿನಿಮಾವನ್ನು ಹಿಂದಿನಿಂದ ನೋಡುತ್ತ ಬಂದರೆ ಈ ಗೆರೆ ಎಲ್ಲಿಯೂ ನಿಲ್ಲುವುದಿಲ್ಲ. ಕಟ್ಟುಪಾಡುಗಳನ್ನು ದಾಟುವ ದಾರಿಗಳೇ ಅಲ್ಲಿ ಶೈಲಿಯಾಗಿ ಬೆಳೆದಿವೆ. ಪ್ರಶಸ್ತಿಗಳ ಬಗ್ಗೆ ನನಗಿರುವ ತಕರಾರು ಬೇರೆಯದು. ಅದಕ್ಕೆ ಮುಂದೆ ಬರುತ್ತೇನೆ.

ಕತೆ 1979ರ ಕ್ರಾಂತಿಗಿಂತ ಮೊದಲೇ ಶುರುವಾಗುತ್ತದೆ. ಕವಯಿತ್ರಿ ಫೊರೂಗ್ ಫರ್ರೊಖ್‌ಝಾದ್ ತಬ್ರೀಝ್ ಬಳಿಯ ಕುಷ್ಠರೋಗಿಗಳ ವಸತಿಯಲ್ಲಿ ಚಿತ್ರಿಸಿದ ‘ದಿ ಹೌಸ್ ಈಸ್ ಬ್ಲ್ಯಾಕ್’ ಎಂಬ ಕಿರುಚಿತ್ರ ಜರ್ಮನಿಯ ಓಬರ್‌ಹೌಸೆನ್‌ನಲ್ಲಿ ಪ್ರಶಸ್ತಿ ಪಡೆಯಿತು. ಆಮೇಲೆ ಬಂದದ್ದು ದಾರಿಯುಶ್ ಮೆಹರ್ಜುಯಿಯವರ ‘ಗಾವ್’, ಅಂದರೆ ‘ಹಸು’, 1969ರ ಚಿತ್ರ. ಬಡ ಹಳ್ಳಿಯೊಂದರಲ್ಲಿ ಇರುವ ಒಂದೇ ಹಸು ಸತ್ತುಹೋಗುತ್ತದೆ. ಅದರ ಒಡೆಯ ಹಸನ್ ದುಃಖದಲ್ಲಿ ತಾನೇ ಹಸುವಾಗಿಬಿಡುತ್ತಾನೆ, ಕೊಟ್ಟಿಗೆಯಲ್ಲಿ ಹುಲ್ಲು ಮೇಯುತ್ತಾನೆ. ಚಿತ್ರಕ್ಕೆ ಹಣ ಕೊಟ್ಟದ್ದು ಷಾ ಸರ್ಕಾರದ ಸಂಸ್ಕೃತಿ ಇಲಾಖೆ. ತಡೆ ಹಿಡಿದದ್ದೂ ಅದೇ ಸರ್ಕಾರ. ಆಧುನಿಕ ಇರಾನ್ ಎಂದು ಜಗತ್ತಿಗೆ ಸಾರುತ್ತಿದ್ದ ಅರಸೊತ್ತಿಗೆಗೆ ಆ ಹಳ್ಳಿಯ ಬಡತನ ಇರಿಸುಮುರಿಸು ತಂದಿತ್ತು. ಇದು ಬಹಳ ಹಿಂದಿನ ಕತೆ ಎಂಬ ಒಕ್ಕಣೆಯನ್ನು ಚಿತ್ರದ ಆರಂಭಕ್ಕೆ ಸೇರಿಸಬೇಕಾಯಿತು. 1971ರಲ್ಲಿ ಅದರ ಪ್ರತಿಯೊಂದನ್ನು ಕದ್ದು ವೆನಿಸ್‌ಗೆ ಸಾಗಿಸಿದರು, ಅಲ್ಲಿ ಅಂತರರಾಷ್ಟ್ರೀಯ ವಿಮರ್ಶಕರ ಪ್ರಶಸ್ತಿ ಬಂತು. ಮುಂದೆ ಐದು ದಶಕ ನಡೆಯುವ ಕತೆಯ ಪಾತ್ರಗಳೆಲ್ಲ ಇಲ್ಲೇ ಇವೆ: ತಡೆಯುವ ಸರ್ಕಾರ, ಗಡಿ ದಾಟುವ ಪ್ರತಿ, ಹೊರಗಿನ ಮನ್ನಣೆ. ತಡೆದವರು ಮುಲ್ಲಾಗಳಲ್ಲ, ಷಾ ಎಂಬುದನ್ನು ಮಾತ್ರ ನಾವು ಮರೆಯಬಾರದು.

ದೇಶದ ಮುಖಕ್ಕೆ ಮಸಿ ಬಳಿಯುತ್ತಾರೆ ಎಂಬ ಆಪಾದನೆಯ ಧಾಟಿ ನಮಗೆ ಹೊಸದಲ್ಲ. ಸತ್ಯಜಿತ್ ರೇ ಭಾರತದ ಬಡತನವನ್ನು ಹೊರದೇಶಗಳಿಗೆ ಮಾರುತ್ತಾರೆ ಎಂದು 1980ರಲ್ಲಿ ನಟಿ ನರ್ಗಿಸ್ ದೂರಿದ್ದರು. ಕನ್ನಡದ ‘ಸಂಸ್ಕಾರ’ ಮೊದಲು ಸೆನ್ಸಾರ್ ತಡೆ ಎದುರಿಸಿ, ಆಮೇಲೆ ರಾಷ್ಟ್ರಪ್ರಶಸ್ತಿ ಪಡೆದು, 1972ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಕಂಚಿನ ಚಿರತೆ ಗೆದ್ದಿತು. ತನ್ನ ಬೀದಿಯನ್ನು ಇದ್ದ ಹಾಗೆ ತೋರಿಸಿದ ಚಿತ್ರಕ್ಕೆ ಹೊರಗಿನವರು ಕೈತಟ್ಟಿದರೆ ಒಳಗಿನ ಅಧಿಕಾರಕ್ಕೆ ಅವಮಾನವಾಗುವುದು ಯಾವ ಒಂದು ದೇಶದ ಗುಣವೂ ಅಲ್ಲ.

1979ರ ಕ್ರಾಂತಿಯ ಹೊತ್ತಿಗೆ ಇರಾನಿನ ಚಿತ್ರಮಂದಿರಗಳೇ ಉರಿದಿದ್ದವು. 1978ರ ಆಗಸ್ಟಿನಲ್ಲಿ ಅಬಾದಾನಿನ ರೆಕ್ಸ್ ಚಿತ್ರಮಂದಿರಕ್ಕೆ ಬೆಂಕಿ ಹಚ್ಚಿದಾಗ ನೂರಾರು ಜನ ಒಳಗೇ ಸತ್ತರು. ಹೊಸ ಆಡಳಿತ ಸಿನಿಮಾವನ್ನು ಮುಚ್ಚಿಹಾಕುತ್ತದೆ ಎಂದೇ ಹಲವರು ಭಾವಿಸಿದ್ದರು. ಆದದ್ದು ಬೇರೆ. ಕ್ರಾಂತಿಯ ನಾಯಕ ಖೊಮೇನಿ ತಾವು ಸಿನಿಮಾದ ವಿರೋಧಿಯಲ್ಲ, ಅದರ ದುರ್ಬಳಕೆಯ ವಿರೋಧಿ ಎಂದರು. ‘ಗಾವ್’ ಅವರಿಗೆ ಹಿಡಿಸಿತ್ತು ಎಂಬ ಮಾತು ಇರಾನಿನಲ್ಲಿ ಇಂದಿಗೂ ಓಡಾಡುತ್ತದೆ. 1983ರಲ್ಲಿ ಸರ್ಕಾರವೇ ಫಾರಾಬಿ ಸಿನಿಮಾ ಪ್ರತಿಷ್ಠಾನವನ್ನು ಕಟ್ಟಿ ಕ್ಯಾಮೆರಾ, ಫಿಲ್ಮ್, ಸಾಲ ಒದಗಿಸಿತು. ಚಿತ್ರಗಳನ್ನು ಹೊರದೇಶದ ಉತ್ಸವಗಳಿಗೆ ಕಳಿಸುವ ಕೆಲಸವನ್ನೂ ಅದೇ ವಹಿಸಿಕೊಂಡಿತು. ಇರಾಕಿನ ಜೊತೆಗಿನ ಯುದ್ಧ, ದಿಗ್ಬಂಧನಗಳಲ್ಲಿ ಒಂಟಿಯಾಗಿದ್ದ ದೇಶಕ್ಕೆ ಆ ಉತ್ಸವಗಳು ಒಂದು ಕಿಟಕಿಯಾಗಿದ್ದವು. ಮುಂದೆ ಆ ಕಿಟಕಿಯನ್ನೇ ಕಂಡು ಹೆದರಿದವರು ಮೊದಲು ಅದನ್ನು ತೆರೆದವರೇ.

ಅದರ ಜೊತೆಗೆ ಕಟ್ಟುಪಾಡು. ಚಿತ್ರಕತೆಗೆ ಅನುಮತಿ, ಚಿತ್ರೀಕರಣಕ್ಕೆ ಪರವಾನಗಿ, ಕೊನೆಗೆ ಪ್ರದರ್ಶನಕ್ಕೆ ಇನ್ನೊಂದು ಪರವಾನಗಿ, ಎಲ್ಲವೂ ಸಂಸ್ಕೃತಿ ಮತ್ತು ಇಸ್ಲಾಮಿಕ್ ಮಾರ್ಗದರ್ಶನ ಸಚಿವಾಲಯದಿಂದ. ಪರದೆಯ ಮೇಲೆ ಹೆಂಗಸು ತನ್ನ ಮನೆಯೊಳಗೆ ಗಂಡನೆದುರಿಗೇ ಕೂತಿದ್ದರೂ ತಲೆ ಮುಚ್ಚಿರಬೇಕು. ಗಂಡು ಹೆಣ್ಣು ಒಬ್ಬರನ್ನೊಬ್ಬರು ಮುಟ್ಟುವಂತಿಲ್ಲ, ತಾಯಿ ಬೆಳೆದ ಮಗನನ್ನು ಅಪ್ಪಿಕೊಳ್ಳುವಂತಿಲ್ಲ. ನಿಜಜೀವನದ ಸಂಸಾರವನ್ನು ತೋರಿಸುವುದೇ ಸುಳ್ಳಾಗುವಂಥ ನಿಯಮ ಇದು. ಎಂಬತ್ತು, ತೊಂಬತ್ತರ ದಶಕಗಳ ಇರಾನಿ ಚಿತ್ರಗಳಲ್ಲಿ ಅಷ್ಟೊಂದು ಮಕ್ಕಳು ಏಕೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ: ಮಕ್ಕಳ ಮೇಲೆ ಈ ನಿಯಮಗಳು ಅಷ್ಟಾಗಿ ಎರಗುವುದಿಲ್ಲ. ಉಳಿದರ್ಧ ಉತ್ತರ ಇನ್ನೂ ಹಳೆಯದು. ಮಕ್ಕಳ ಹಾಗೂ ಹದಿಹರೆಯದವರ ಬೌದ್ಧಿಕ ವಿಕಾಸಕ್ಕಾಗಿ 1965ರಲ್ಲಿ ಶುರುವಾದ ‘ಕಾನೂನ್’ ಎಂಬ ಸಂಸ್ಥೆ ಗ್ರಂಥಾಲಯ, ಪುಸ್ತಕ ಪ್ರಕಟಣೆಗಳ ಜೊತೆಗೆ ಸಿನಿಮಾ ವಿಭಾಗವನ್ನೂ ನಡೆಸುತ್ತಿತ್ತು. ಕಿಯಾರೊಸ್ತಮಿ 1970ರಲ್ಲಿ ತಮ್ಮ ಮೊದಲ ಕಿರುಚಿತ್ರ ಮಾಡಿದ್ದು ಅಲ್ಲಿ. ಅಮೀರ್ ನಾದೆರಿಯವರ ‘ದಿ ರನ್ನರ್’, ಬಹ್ರಾಮ್ ಬೇಝಾಯಿಯವರ ‘ಬಾಷು’ ಬಂದದ್ದೂ ಅಲ್ಲಿಂದ. ಸೆನ್ಸಾರಿಗೆ ಹೆದರಿ ಮಕ್ಕಳ ಮರೆ ಹೊಕ್ಕರು ಎಂದಷ್ಟೇ ಹೇಳಿದರೆ ಆ ಸಂಸ್ಥೆಗೂ, ಮಗುವಿನ ಲೋಕವನ್ನು ಮಗುವಿನ ಎತ್ತರದಿಂದಲೇ ನೋಡಲು ಕಲಿತ ಆ ನಿರ್ದೇಶಕರಿಗೂ ಅನ್ಯಾಯ.

‘ವೇರ್ ಈಸ್ ದ ಫ್ರೆಂಡ್ಸ್ ಹೌಸ್’ ಕಿಯಾರೊಸ್ತಮಿಯವರ 1987ರ ಚಿತ್ರ. ಗೆಳೆಯನ ನೋಟ್‌ಪುಸ್ತಕ ಅಕಸ್ಮಾತ್ ತನ್ನ ಚೀಲದಲ್ಲಿ ಬಂದಿದೆ. ಹಿಂದಿರುಗಿಸದಿದ್ದರೆ ನಾಳೆ ಮೇಷ್ಟ್ರು ಅವನನ್ನು ಶಾಲೆಯಿಂದ ಹೊರಹಾಕುತ್ತಾರೆ. ಎಂಟು ವರ್ಷದ ಹುಡುಗ ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಗೆ ಅಂಕುಡೊಂಕಿನ ಗುಡ್ಡದ ದಾರಿಯಲ್ಲಿ ಓಡುತ್ತಾನೆ. ಇಷ್ಟೇ ಕತೆ. ದೊಡ್ಡವರು ಅವನ ಮಾತನ್ನು ಕೇಳಿಸಿಕೊಳ್ಳುವುದೇ ಇಲ್ಲ, ಅಪ್ಪಣೆ ಕೊಡುವುದರಲ್ಲೇ ಮುಳುಗಿದ್ದಾರೆ. ವಿಧೇಯತೆ ಒಂದು ಕಡೆ, ಅಂತಃಕರಣ ಇನ್ನೊಂದು ಕಡೆ ಎಳೆಯುವಾಗ ಹುಡುಗ ಅಮ್ಮನ ಮಾತು ಮೀರುತ್ತಾನೆ. ಇದಕ್ಕಿಂತ ಆಳವಾದ ರಾಜಕೀಯ ಚಿತ್ರವನ್ನು ನಾನು ಹೆಚ್ಚು ನೋಡಿಲ್ಲ. ಆದರೆ ಅದನ್ನು ತಡೆಯಲು ಯಾವ ಅಧಿಕಾರಿಗೂ ಒಂದು ನೆಪ ಸಿಗುವುದಿಲ್ಲ. 1989ರಲ್ಲಿ ಲೊಕಾರ್ನೊದ ಕಂಚಿನ ಚಿರತೆ ಇದಕ್ಕೆ ಬಂದಾಗ ಯುರೋಪಿನ ವಿಮರ್ಶಕರು ಕಿಯಾರೊಸ್ತಮಿಯವರತ್ತ ತಿರುಗಿದರು. ಮರುವರ್ಷ ಚಿತ್ರೀಕರಣ ನಡೆದ ಸೀಮೆಯಲ್ಲೇ ಭೀಕರ ಭೂಕಂಪವಾಯಿತು. ನಟಿಸಿದ ಮಕ್ಕಳು ಬದುಕಿದ್ದಾರೆಯೇ ಎಂದು ಹುಡುಕಿಕೊಂಡು ಹೋದ ಪಯಣವೇ 1992ರ ‘ಆ್ಯಂಡ್ ಲೈಫ್ ಗೋಸ್ ಆನ್’ ಆಯಿತು. ರೇ ತೀರಿಕೊಂಡ ಮೇಲೆ ಉಂಟಾದ ಖಾಲಿತನವನ್ನು ಕಿಯಾರೊಸ್ತಮಿ ತುಂಬಿದರು ಎಂಬರ್ಥದ ಮಾತನ್ನು ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ ಹೇಳಿದ್ದರು.

1997 ತಿರುವಿನ ವರ್ಷ. ಕಾನ್ ತನ್ನ ಐವತ್ತನೆಯ ಉತ್ಸವವನ್ನು ಆಚರಿಸುತ್ತಿತ್ತು. ಕಿಯಾರೊಸ್ತಮಿಯವರ ‘ಟೇಸ್ಟ್ ಆಫ್ ಚೆರ್ರಿ’ ಆತ್ಮಹತ್ಯೆಯ ವಿಷಯದ್ದೆಂದು ಇರಾನಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಕೊನೆಯ ಗಳಿಗೆಯಲ್ಲಿ ಅನುಮತಿ ಸಿಕ್ಕಿ ಹೊರಟು ಬಂತು, ಜಪಾನಿನ ಶೋಹೆ ಇಮಾಮುರಾ ಅವರ ‘ದಿ ಈಲ್’ ಜೊತೆ ಪಾಮ್ ದೋರ್ ಹಂಚಿಕೊಂಡಿತು. ಇರಾನಿಗೆ ಇದು ಮೊದಲ ಪಾಮ್ ದೋರ್. ವೇದಿಕೆಯ ಮೇಲೆ ಪ್ರಶಸ್ತಿ ಕೊಟ್ಟ ನಟಿ ಕ್ಯಾಥರಿನ್ ದನೂವ್ ಅವರ ಕೆನ್ನೆಗೆ ಕಿಯಾರೊಸ್ತಮಿ ಮುತ್ತಿಟ್ಟರು. ಇರಾನಿನ ಕಟ್ಟಾ ಸಂಪ್ರದಾಯವಾದಿಗಳು ಕೆರಳಿದ್ದು ಚಿತ್ರಕ್ಕಿಂತ ಹೆಚ್ಚಾಗಿ ಇದಕ್ಕೆ. ಅದಾಗಿ ಒಂದು ವಾರದೊಳಗೆ ಸುಧಾರಣಾವಾದಿ ಮೊಹಮ್ಮದ್ ಖಾತಮಿ ಅಧ್ಯಕ್ಷರಾಗಿ ಆರಿಸಿ ಬಂದರು. ಅದುವರೆಗೆ ಕಾಣದಿದ್ದ ಒಂದು ಬೆಳಕು ಇರಾನಿ ಸಿನಿಮಾಕ್ಕೆ ಆಗ ಕಂಡಿತು.

‘ಟೇಸ್ಟ್ ಆಫ್ ಚೆರ್ರಿ’ಯಲ್ಲಿ ಒಬ್ಬ ನಡುವಯಸ್ಕ ಟೆಹರಾನಿನ ಹೊರವಲಯದ ಮಣ್ಣುಗುಡ್ಡಗಳ ನಡುವೆ ಕಾರು ಓಡಿಸುತ್ತಾನೆ. ಸತ್ತ ಮೇಲೆ ತನ್ನ ಮೇಲೆ ಮಣ್ಣೆಳೆಯುವವರು ಒಬ್ಬರು ಬೇಕು ಎಂದು ಹುಡುಕುತ್ತಾನೆ. ಒಬ್ಬ ಕುರ್ದ್ ಸೈನಿಕ, ಒಬ್ಬ ಆಫ್ಘನ್ ಧಾರ್ಮಿಕ ವಿದ್ಯಾರ್ಥಿ, ಒಬ್ಬ ವಯಸ್ಸಾದ ಅಜೆರಿ, ಹೀಗೆ ಒಬ್ಬೊಬ್ಬರೇ ಪಕ್ಕದ ಸೀಟಿಗೆ ಬರುತ್ತಾರೆ. ಚಿತ್ರೀಕರಣದ ವೇಳೆ ಪಕ್ಕದ ಸೀಟಿನಲ್ಲಿ ಕೂತು ಎದುರಿನವರನ್ನು ಮಾತಿಗೆಳೆಯುತ್ತಿದ್ದವರು ಕಿಯಾರೊಸ್ತಮಿಯೇ. ಇಬ್ಬರು ನಟರು ಒಂದೇ ಚೌಕಟ್ಟಿನಲ್ಲಿ ಕಾಣಿಸುವುದು ಅಪರೂಪ. ಇರಾನಿನ ಸಿನಿಮಾದಲ್ಲಿ ಕಾರು ಕೇವಲ ವಾಹನವಲ್ಲ ಎಂಬುದು ಇಲ್ಲಿಂದ ಸ್ಪಷ್ಟವಾಗುತ್ತದೆ. ಅದು ಅರ್ಧ ಮನೆ, ಅರ್ಧ ಬೀದಿ. ಒಳಗೆ ಮನಬಿಚ್ಚಿ ಮಾತಾಡಬಹುದು, ಆದರೆ ಎಲ್ಲರ ಕಣ್ಣಿಗೂ ಬೀಳುವ ಜಾಗವಾದ್ದರಿಂದ ಹೆಂಗಸು ತಲೆ ಮುಚ್ಚಿ ಕೂತಿದ್ದರೂ ಅದು ಸುಳ್ಳಾಗಿ ಕಾಣದು. 2002ರ ‘ಟೆನ್’ನಲ್ಲಿ ಕಿಯಾರೊಸ್ತಮಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಎರಡು ಪುಟ್ಟ ಡಿಜಿಟಲ್ ಕ್ಯಾಮೆರಾ ಇಟ್ಟು ಹತ್ತು ಸಂಭಾಷಣೆಗಳನ್ನು ಹಿಡಿದರು. 2015ರ ‘ಟ್ಯಾಕ್ಸಿ’ಯಲ್ಲಿ ಪನಾಹಿ ತಾವೇ ಚಾಲಕರಾಗಿ ಕೂತರು. 2025ರ ಪಾಮ್ ದೋರ್ ಚಿತ್ರದ ಬಹುಪಾಲು ನಡೆಯುವುದು ಒಂದು ವ್ಯಾನಿನಲ್ಲಿ. ಪರವಾನಗಿ ಇಲ್ಲದೆ ಟೆಹರಾನಿನಲ್ಲಿ ಚಿತ್ರೀಕರಿಸಬೇಕಾದರೆ ಮುಚ್ಚಿದ ಬಾಗಿಲಿನ ಗಾಡಿಗಿಂತ ಭದ್ರವಾದ ಸೆಟ್ಟು ಇನ್ನೊಂದಿಲ್ಲ. ಕಷ್ಟ ಯಾವುದು, ಕಸುಬು ಯಾವುದು ಎಂದು ಈ ಸಾಲಿನಲ್ಲಿ ಗೆರೆ ಎಳೆದು ತೋರಿಸುವುದು ಹೇಗೆ?

ಪನಾಹಿ ಕಿಯಾರೊಸ್ತಮಿಯವರ ಸಹಾಯಕರಾಗಿ ಬೆಳೆದವರು. ಗುರುಗಳು ಬರೆದ ಚಿತ್ರಕತೆಯ ಮೇಲೆ ಮಾಡಿದ ‘ದಿ ವೈಟ್ ಬಲೂನ್’ 1995ರಲ್ಲಿ ಕಾನ್‌ನ ಕ್ಯಾಮೆರಾ ದೋರ್, ಅಂದರೆ ಮೊದಲ ಚಿತ್ರಕ್ಕೆ ಕೊಡುವ ಪ್ರಶಸ್ತಿ, ಗೆದ್ದಿತು. ಹೊಸವರ್ಷದ ದಿನ ಚಿನ್ನದ ಮೀನು ಕೊಳ್ಳಲು ಹೊರಟ ಪುಟ್ಟ ಹುಡುಗಿಯ ಕತೆ ಅದು. 1997ರಲ್ಲಿ ಲೊಕಾರ್ನೊದ ಚಿನ್ನದ ಚಿರತೆ ಗೆದ್ದ ‘ದಿ ಮಿರರ್’ನಲ್ಲಿ, ಚಿತ್ರದ ನಡುವೆಯೇ ನಾಯಕಿಯಾದ ಹುಡುಗಿ ನಾನಿನ್ನು ನಟಿಸುವುದಿಲ್ಲ ಎಂದು ಬಸ್ಸಿನಿಂದ ಇಳಿದು ಹೊರಟುಬಿಡುತ್ತಾಳೆ. ಕ್ಯಾಮೆರಾ ಅವಳ ಹಿಂದೆ ಓಡುತ್ತದೆ. ಆಮೇಲೆ ಪನಾಹಿ ಮಕ್ಕಳನ್ನು ಬಿಟ್ಟು ದೊಡ್ಡವರ ಲೋಕಕ್ಕೆ ಬಂದರು. ಬಂದ ಕ್ಷಣದಿಂದ ಸರ್ಕಾರದ ಜೊತೆ ಘರ್ಷಣೆ ಶುರುವಾಯಿತು. ಜೈಲಿನಿಂದ ಹೊರಬಂದ ಹೆಂಗಸರು ಟೆಹರಾನಿನ ಬೀದಿಗಳಲ್ಲಿ ನೆಲೆ ಹುಡುಕುವ ‘ದಿ ಸರ್ಕಲ್’ 2000ರಲ್ಲಿ ವೆನಿಸ್‌ನ ಗೋಲ್ಡನ್ ಲಯನ್ ಗೆದ್ದಿತು, ಇರಾನಿನಲ್ಲಿ ನಿಷೇಧವಾಯಿತು. ‘ಕ್ರಿಮ್ಸನ್ ಗೋಲ್ಡ್’ಗೂ ಅದೇ ಗತಿ.

‘ಆಫ್‌ಸೈಡ್’ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಫುಟ್‌ಬಾಲ್ ನೋಡಲು ಹೋದ ತಮ್ಮ ಮಗಳನ್ನು ಸ್ಟೇಡಿಯಮ್ಮಿನ ಬಾಗಿಲಲ್ಲಿ ತಡೆದದ್ದು ಪನಾಹಿಯವರಿಗೆ ಈ ಕತೆ ಕೊಟ್ಟಿತು. ಗಂಡುಡುಗೆ ತೊಟ್ಟು ಒಳನುಗ್ಗಲು ಹೋದ ಹುಡುಗಿಯರನ್ನು ಹಿಡಿದು, ಮೈದಾನ ಕಾಣದ ಜಾಗದಲ್ಲಿ ಕೂಡಿಹಾಕುತ್ತಾರೆ. ಆಟದ ಸದ್ದು ಕೇಳುತ್ತದೆ, ಆಟ ಕಾಣುವುದಿಲ್ಲ. ಕಾವಲಿಗಿರುವ ಹಳ್ಳಿಯ ಸೈನಿಕ ಹುಡುಗರಿಗೂ ಈ ಕೆಲಸ ಬೇಡವಾಗಿದೆ. 2005ರ ಜೂನಿನಲ್ಲಿ ಇರಾನ್ ಮತ್ತು ಬಹ್ರೇನ್ ನಡುವೆ ನಡೆದ ವಿಶ್ವಕಪ್ ಅರ್ಹತಾ ಪಂದ್ಯದ ದಿನವೇ, ಅದೇ ಸ್ಟೇಡಿಯಮ್ಮಿನಲ್ಲಿ ಚಿತ್ರೀಕರಿಸಿದ ಭಾಗಗಳು ಇದರಲ್ಲಿವೆ. 2006ರಲ್ಲಿ ಬರ್ಲಿನ್ ಜ್ಯೂರಿ ಬೆಳ್ಳಿಯ ಕರಡಿ ಕೊಟ್ಟಿತು. ಇರಾನಿನಲ್ಲಿ ಬಿಡುಗಡೆ ಆಗಲಿಲ್ಲ, ಆದರೆ ಕಳ್ಳ ಡಿವಿಡಿಗಳಲ್ಲಿ ಮನೆಮನೆಗೆ ಹೋಯಿತು. ಸ್ಟೇಡಿಯಂ ಪ್ರವೇಶಕ್ಕಾಗಿ ಹೋರಾಡುತ್ತಿದ್ದ ಹೆಣ್ಣುಮಕ್ಕಳು ಅದನ್ನು ತಮ್ಮದಾಗಿಸಿಕೊಂಡರು. 2019ರಲ್ಲಿ, ಪಂದ್ಯ ನೋಡಲು ಹೋಗಿ ಮೊಕದ್ದಮೆಗೆ ಸಿಕ್ಕಿದ ಯುವತಿಯೊಬ್ಬಳು ಬೆಂಕಿ ಹಚ್ಚಿಕೊಂಡು ಸತ್ತ ಮೇಲೆ, ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆಯ ಒತ್ತಡಕ್ಕೆ ಮಣಿದು ಆಜಾದಿ ಸ್ಟೇಡಿಯಮ್ಮಿನ ಬಾಗಿಲನ್ನು ಹೆಂಗಸರಿಗೆ ತೆರೆದರು. ಬಾಗಿಲು ತೆರೆಸಿದ್ದು ಚಿತ್ರ ಎಂದು ನಾನು ಹೇಳಲಾರೆ. ಆ ಬಾಗಿಲನ್ನು ಹದಿಮೂರು ವರ್ಷ ಮೊದಲೇ ಜಗತ್ತಿಗೆ ತೋರಿಸಿಕೊಟ್ಟದ್ದು ಮಾತ್ರ ಚಿತ್ರವೇ.

2009ರ ಚುನಾವಣೆಯ ಬಳಿಕ ಎದ್ದ ಪ್ರತಿಭಟನೆಗಳನ್ನು ಹತ್ತಿಕ್ಕಿದಾಗ ಸಿನಿಮಾದವರ ಮೇಲೂ ಕಣ್ಣು ಬಿತ್ತು. 2010ರ ಮಾರ್ಚಿನಲ್ಲಿ ಪನಾಹಿ ಮತ್ತು ಇನ್ನೊಬ್ಬ ನಿರ್ದೇಶಕ ಮೊಹಮ್ಮದ್ ರಸೂಲೋಫ್ ಅವರನ್ನು ಬಂಧಿಸಿದರು. ಡಿಸೆಂಬರಿನಲ್ಲಿ ಪನಾಹಿಯವರಿಗೆ ಆರು ವರ್ಷ ಜೈಲು, ಇಪ್ಪತ್ತು ವರ್ಷ ಚಿತ್ರ ಮಾಡದಂತೆ, ಬರೆಯದಂತೆ, ದೇಶ ಬಿಡದಂತೆ ನಿಷೇಧ. ಪ್ರಶಸ್ತಿ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದು ಇಲ್ಲಿ ನಿಚ್ಚಳವಾಗುತ್ತದೆ. ಜಗತ್ತು ಬಲ್ಲ ಹೆಸರಾದ್ದರಿಂದ ಜಾಮೀನು ಬೇಗ ಸಿಕ್ಕಿತು, ಶಿಕ್ಷೆ ಬಹುಕಾಲ ಕಾಗದದ ಮೇಲೇ ಉಳಿಯಿತು. ಆದರೆ ಅದೇ ಹೆಸರಿನಿಂದಾಗಿ ಅವರು ಮಾಡಿದ ಪ್ರತಿಯೊಂದು ಕೆಲಸವೂ ಸರ್ಕಾರಕ್ಕೆ ಸವಾಲಾಗಿ ಕಂಡಿತು. ಪ್ರಶಸ್ತಿ ಕಾವಲೂ ಆಯಿತು, ಗುರಿಯ ಗುರುತೂ ಆಯಿತು.

ಮನೆಯೊಳಗೇ ಕೂತು, ಭಾಗಶಃ ಮೊಬೈಲ್ ಫೋನಿನಲ್ಲಿ ಚಿತ್ರಿಸಿ, ಮೊಜ್ತಬಾ ಮೀರ್‌ತಹ್ಮಾಸ್ಬ್ ಅವರ ಜೊತೆ ಮಾಡಿದ ‘ದಿಸ್ ಈಸ್ ನಾಟ್ ಎ ಫಿಲ್ಮ್’ 2011ರಲ್ಲಿ ಕೇಕಿನೊಳಗೆ ಬಚ್ಚಿಟ್ಟ ಪೆನ್‌ಡ್ರೈವ್ ಮೂಲಕ ಕಾನ್ ತಲುಪಿತು ಎಂಬ ಕತೆ ಈಗ ಎಲ್ಲರಿಗೂ ಗೊತ್ತು. ಆ ಕೇಕಿನ ಕತೆಯನ್ನು ಎಷ್ಟು ಹೇಳುತ್ತಾರೋ ಚಿತ್ರದ ಬಗ್ಗೆ ಅಷ್ಟು ಹೇಳುವುದಿಲ್ಲ ಎಂಬುದು ನನ್ನ ಬೇಸರ. ಅದರಲ್ಲಿ ಪನಾಹಿ ತಾವು ಮಾಡಲಾಗದ ಚಿತ್ರದ ಕತೆಯನ್ನು ಓದಿ ಹೇಳುತ್ತಾರೆ. ನೆಲಹಾಸಿನ ಮೇಲೆ ಟೇಪು ಅಂಟಿಸಿ ನಾಯಕಿಯ ಕೋಣೆಯ ಗೋಡೆಗಳನ್ನು ಗುರುತಿಸುತ್ತಾರೆ. ನಡುವೆ ಒಮ್ಮೆಲೇ ನಿಲ್ಲಿಸಿ, ಹೇಳಿಯೇ ಮುಗಿಸಬಹುದಾದರೆ ಚಿತ್ರ ಏಕೆ ಮಾಡಬೇಕು ಎಂದು ತಮ್ಮನ್ನೇ ಕೇಳಿಕೊಳ್ಳುತ್ತಾರೆ. ನಿರ್ದೇಶನ ಎಂದರೇನು ಎಂಬುದನ್ನು ಇಷ್ಟು ಬರಿಗೈಯಲ್ಲಿ ವಿವರಿಸಿದ ಚಿತ್ರ ಇನ್ನೊಂದಿದೆಯೇ ಎಂದು ನನಗೆ ಅನುಮಾನ. ‘ಟ್ಯಾಕ್ಸಿ’ ಬರ್ಲಿನ್‌ನಲ್ಲಿ ಗೆದ್ದಾಗ ಅದರಲ್ಲಿ ನಟಿಸಿದ್ದ ಅವರ ಪುಟ್ಟ ಸೋದರಸೊಸೆ ಗೋಲ್ಡನ್ ಬೇರ್ ಪಡೆದಳು. ‘ತ್ರೀ ಫೇಸಸ್’ 2018ರಲ್ಲಿ ಕಾನ್‌ನ ಚಿತ್ರಕತೆ ಪ್ರಶಸ್ತಿ ಹಂಚಿಕೊಂಡಿತು. 2022ರಲ್ಲಿ ‘ನೋ ಬೇರ್ಸ್’ಗೆ ವೆನಿಸ್‌ನ ವಿಶೇಷ ಜ್ಯೂರಿ ಪ್ರಶಸ್ತಿ ಬಂದಾಗ ಪನಾಹಿ ಮತ್ತೆ ಜೈಲಿನಲ್ಲಿದ್ದರು, ಬಂಧಿತರಾಗಿದ್ದ ರಸೂಲೋಫ್ ಬಗ್ಗೆ ವಿಚಾರಿಸಲು ಹೋದವರನ್ನು ಅಲ್ಲೇ ಹಿಡಿದು, ಹಳೆಯ ಶಿಕ್ಷೆಯನ್ನು ಜಾರಿ ಮಾಡಿದ್ದರು. 2023ರ ಫೆಬ್ರವರಿಯಲ್ಲಿ ಅನ್ನನೀರು ಬಿಟ್ಟು ಕೂತ ಮೇಲೆ ಬಿಡುಗಡೆಯಾಯಿತು.

ಜೈಲಿನಲ್ಲಿ ಜೊತೆಗಿದ್ದವರ ಮಾತುಗಳಿಂದ ಹುಟ್ಟಿದ್ದು 2025ರ ಚಿತ್ರ. ವಾಹಿದ್ ಎಂಬ ಮೆಕ್ಯಾನಿಕ್‌ಗೆ ಒಂದು ರಾತ್ರಿ ಕೃತಕ ಕಾಲಿನ ಕಿರುಗುಟ್ಟುವ ಸದ್ದು ಕೇಳುತ್ತದೆ. ಜೈಲಿನಲ್ಲಿ ತನ್ನನ್ನು ಹಿಂಸಿಸಿದವನ ಕಾಲಿನ ಸದ್ದು ಅದೇ. ಆದರೆ ವಿಚಾರಣೆ ನಡೆದದ್ದು ಕಣ್ಣು ಕಟ್ಟಿ, ಮುಖ ನೋಡಿಲ್ಲ. ಆ ಮನುಷ್ಯನನ್ನು ಹಿಡಿದು ವ್ಯಾನಿನಲ್ಲಿ ಹಾಕಿಕೊಂಡು, ಇವನೇ ಅವನೇ ಎಂದು ಗುರುತಿಸಲು ತನ್ನಂತೆ ನರಳಿದ ಇತರರ ಬಳಿಗೆ ಹೋಗುತ್ತಾನೆ. ಒಬ್ಬ ಛಾಯಾಗ್ರಾಹಕಿ, ಮದುವೆಯ ಉಡುಪಿನಲ್ಲಿರುವ ವಧು, ಸಿಟ್ಟು ಇಳಿಯದ ಒಬ್ಬ ಗೆಳೆಯ. ಕೊಲ್ಲಬೇಕೇ, ಬಿಡಬೇಕೇ? ತಪ್ಪಾದರೆ? ನಗೆ ಬರುವ ಸನ್ನಿವೇಶಗಳೂ ಇವೆ, ಬಂದ ನಗೆ ಗಂಟಲಲ್ಲೇ ನಿಲ್ಲುತ್ತದೆ. ಬಲಿಯಾದವರು ಹೇಗೆ ನ್ಯಾಯ ಕೊಡಬಲ್ಲರು ಎಂಬ ಪ್ರಶ್ನೆಯನ್ನು ನಿರ್ದೇಶಕರು ತಮಗೂ ತಮ್ಮ ಜನಕ್ಕೂ ಕೇಳುತ್ತಾರೆ. ಆಡಳಿತವನ್ನು ಬೈಯುವುದಷ್ಟೇ ಉದ್ದೇಶವಾಗಿದ್ದರೆ ಇದು ಇಷ್ಟು ಕಾಡುತ್ತಿರಲಿಲ್ಲ. ಚಿತ್ರದಲ್ಲಿ ಹೆಂಗಸರು ತಲೆ ಮುಚ್ಚದೆ ಓಡಾಡುತ್ತಾರೆ, ಏಕೆಂದರೆ 2022ರ ಸೆಪ್ಟೆಂಬರಿನಲ್ಲಿ ತಲೆವಸ್ತ್ರದ ಕಾರಣಕ್ಕೆ ಬಂಧಿತಳಾದ ಮಹ್ಸಾ ಅಮಿನಿ ಪೊಲೀಸರ ವಶದಲ್ಲಿ ಸತ್ತ ಮೇಲೆ ಟೆಹರಾನಿನ ಬೀದಿಯಲ್ಲೂ ಅನೇಕರು ಹಾಗೆಯೇ ಓಡಾಡುತ್ತಿದ್ದಾರೆ. ಎಷ್ಟೋ ದಶಕಗಳ ನಂತರ ಪರದೆಯ ಹೆಣ್ಣು ಬೀದಿಯ ಹೆಣ್ಣಿನ ಹಾಗೆ ಕಾಣಿಸಿಕೊಂಡಳು. ಪ್ರಶಸ್ತಿಯನ್ನು ಫ್ರಾನ್ಸಿನ ವಿದೇಶಾಂಗ ಸಚಿವರು ಪ್ರತಿರೋಧದ ಸಂಕೇತವೆಂದು ಹೊಗಳಿದ್ದಕ್ಕೆ ಇರಾನ್ ಫ್ರೆಂಚ್ ರಾಜತಾಂತ್ರಿಕರನ್ನು ಕರೆಸಿ ಆಕ್ಷೇಪಿಸಿತು. ಪನಾಹಿ ಮಾತ್ರ ಪ್ರಶಸ್ತಿ ಹಿಡಿದು ನೇರ ಟೆಹರಾನಿಗೆ ಮರಳಿದರು. ಅದೇ ವರ್ಷದ ಡಿಸೆಂಬರಿನಲ್ಲಿ, ಅವರು ವಿದೇಶದಲ್ಲಿದ್ದಾಗ, ನ್ಯಾಯಾಲಯ ಮತ್ತೆ ಒಂದು ವರ್ಷ ಜೈಲುಶಿಕ್ಷೆ ವಿಧಿಸಿತು.

ರಸೂಲೋಫ್ ಅವರ ದಾರಿ ಇನ್ನೂ ಕಡಿದು. ಮರಣದಂಡನೆಯನ್ನು ಜಾರಿ ಮಾಡುವ ಕೈಗಳ ಬಗ್ಗೆ ಮಾಡಿದ ‘ದೇರ್ ಈಸ್ ನೋ ಈವಿಲ್’ ನಾಲ್ಕು ಕತೆಗಳ ಚಿತ್ರ. ಕಿರುಚಿತ್ರಗಳ ಮೇಲೆ ಕಣ್ಗಾವಲು ಕಡಿಮೆ ಎಂದು ನಾಲ್ಕು ಬೇರೆ ಬೇರೆ ಕಿರುಚಿತ್ರಗಳಂತೆ ಚಿತ್ರಿಸಿ, ಆಮೇಲೆ ಒಂದಾಗಿಸಿದರು. 2020ರ ಗೋಲ್ಡನ್ ಬೇರ್ ಅನ್ನು ಮಗಳು ಬಾರಾನ್ ಪಡೆದಳು. 2024ರಲ್ಲಿ ಎಂಟು ವರ್ಷ ಜೈಲು, ಛಡಿಯೇಟಿನ ಶಿಕ್ಷೆ ಘೋಷಣೆಯಾದಾಗ ಅವರು ಬೆಟ್ಟದ ದಾರಿ ಹಿಡಿದು ನಡೆದೇ ಗಡಿ ದಾಟಿದರು, ‘ದಿ ಸೀಡ್ ಆಫ್ ದ ಸೇಕ್ರೆಡ್ ಫಿಗ್’ ಜೊತೆ ಕಾನ್ ತಲುಪಿದರು. ಕ್ರಾಂತಿಕಾರಿ ನ್ಯಾಯಾಲಯದ ತನಿಖಾಧಿಕಾರಿಯೊಬ್ಬ ಮನೆಯಲ್ಲಿ ಪಿಸ್ತೂಲು ಕಳೆದುಕೊಂಡು ಹೆಂಡತಿ ಮಕ್ಕಳನ್ನೇ ವಿಚಾರಣೆಗೆ ಒಳಪಡಿಸುವ ಕತೆ. ನಡುನಡುವೆ 2022ರ ಪ್ರತಿಭಟನೆಯ ಬೀದಿಗಳಿಂದ ಬಂದ ನಿಜವಾದ ಮೊಬೈಲ್ ವಿಡಿಯೊಗಳು. ಮೊದಲರ್ಧದ ಬಿಗಿ ಕೊನೆಯ ಅರ್ಧಗಂಟೆಯಲ್ಲಿ ಸಡಿಲವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ಹೇಳುವುದು ಅವರ ಧೈರ್ಯಕ್ಕೆ ತೋರುವ ಅಗೌರವವಲ್ಲ. ಅವರನ್ನು ನಿರ್ದೇಶಕರಾಗಿ ಕಾಣುವ ರೀತಿ ಅದು.

ಅಸ್ಗರ್ ಫರ್ಹಾದಿಯವರ ಉದಾಹರಣೆ ಇದಕ್ಕೆಲ್ಲ ಎದುರು ನಿಲ್ಲುತ್ತದೆ. ಅವರು ಬಹುಕಾಲ ಪರವಾನಗಿಯೊಳಗೇ ಕೆಲಸ ಮಾಡಿದವರು. ‘ಎ ಸೆಪರೇಷನ್’ 2011ರ ಗೋಲ್ಡನ್ ಬೇರ್, ಮರುವರ್ಷ ಆಸ್ಕರ್ ಗೆದ್ದಿತು. ಇರಾನಿನ ಚಿತ್ರಮಂದಿರಗಳಲ್ಲೂ ಜನ ಮುಗಿಬಿದ್ದು ನೋಡಿದರು. 2016ರ ‘ದಿ ಸೇಲ್ಸ್‌ಮನ್’ಗೂ ಹಾಗೆಯೇ. ಉತ್ಸವದ ಚಿತ್ರ ಬೇರೆ, ಜನರ ಚಿತ್ರ ಬೇರೆ ಎಂಬ ಮಾತನ್ನು ಈ ಎರಡು ಚಿತ್ರಗಳು ಸುಳ್ಳು ಮಾಡಿವೆ. ಅನುಮತಿ ಸಿಕ್ಕಿ ತೆರೆಗೆ ಬಂದರೆ ಇರಾನಿನ ಪ್ರೇಕ್ಷಕ ತನ್ನ ಬದುಕಿನ ಚಿತ್ರವನ್ನು ಗುರುತಿಸಬಲ್ಲ. ಉಳಿದ ಪ್ರಶಸ್ತಿ ವಿಜೇತರಿಗೆ ದೇಶದೊಳಗೆ ಪ್ರೇಕ್ಷಕರಿಲ್ಲ ಎಂದರೆ, ಅವರಿಂದ ಪ್ರೇಕ್ಷಕರನ್ನು ಕಸಿದುಕೊಳ್ಳಲಾಗಿದೆ ಎಂದೇ ಅರ್ಥ.

ಈಗ ನನ್ನ ತಕರಾರು. ಜ್ಯೂರಿಗಳು ಗೆಲ್ಲಿಸಿದವರು ಅನರ್ಹರು ಎಂದಲ್ಲ, ಅವರ ಕಣ್ಣಿಗೆ ಬೀಳದೆ ಉಳಿದವರು ಹಲವರು ಎಂಬುದು. ರಖ್ಶಾನ್ ಬನಿ-ಎತೆಮಾದ್ ದಶಕಗಳ ಕಾಲ ಟೆಹರಾನಿನ ದುಡಿಯುವ ಹೆಂಗಸರ ಬಗ್ಗೆ ಚಿತ್ರ ಮಾಡಿದವರು. ‘ಟೇಲ್ಸ್’ ಚಿತ್ರವನ್ನು ಅವರೂ ಕಿರುಚಿತ್ರಗಳಾಗಿಯೇ ಮಾಡಿ ಒಟ್ಟು ಸೇರಿಸಿದ್ದು, ರಸೂಲೋಫ್‌ಗಿಂತ ಎಷ್ಟೋ ಮೊದಲು. 2014ರಲ್ಲಿ ವೆನಿಸ್ ಅದಕ್ಕೆ ಚಿತ್ರಕತೆ ಪ್ರಶಸ್ತಿ ಕೊಟ್ಟಿತು. ಆದರೂ ಜಗತ್ತು ಇರಾನಿ ನಿರ್ದೇಶಕರ ಹೆಸರು ಹೇಳುವಾಗ ಆಕೆಯ ಹೆಸರು ಬರುವುದು ಕಡಿಮೆ. ಪರ್ಷಿಯನ್ ಪುರಾಣ, ರಂಗಭೂಮಿಗಳಲ್ಲಿ ಬೇರೂರಿದ ಬೇಝಾಯಿಯವರ ಸಿನಿಮಾ ಹೊರಗಿನವರಿಗೆ ಸುಲಭವಾಗಿ ದಕ್ಕಲಿಲ್ಲ, ಹಾಗಾಗಿ ದೊಡ್ಡ ಪ್ರಶಸ್ತಿಗಳೂ ಅವರ ಬಳಿ ಸುಳಿಯಲಿಲ್ಲ. ಯುದ್ಧದಿಂದ ಓಡಿಬಂದ ಕಪ್ಪು ಮೈಬಣ್ಣದ, ಅರಬ್ಬಿ ಮಾತಾಡುವ ಹುಡುಗನನ್ನು ಉತ್ತರದ ಹಳ್ಳಿಯ ಹೆಂಗಸೊಬ್ಬಳು ಮಡಿಲಿಗೆ ಹಾಕಿಕೊಳ್ಳುವ ಅವರ ‘ಬಾಷು’ವನ್ನು ಇರಾನಿಯರು ತಮ್ಮ ಅತ್ಯುತ್ತಮ ಚಿತ್ರಗಳಲ್ಲಿ ಎಣಿಸುತ್ತಾರೆ. ನಮ್ಮಲ್ಲಿ ಮಜೀದ್ ಮಜೀದಿಯವರ ‘ಚಿಲ್ಡ್ರನ್ ಆಫ್ ಹೆವನ್’ ನೋಡಿದವರಲ್ಲಿ ಎಷ್ಟು ಜನ ‘ಬಾಷು’ವಿನ ಹೆಸರು ಕೇಳಿದ್ದಾರೆ? ಬೆಂಗಳೂರಿನ ಚಿತ್ರೋತ್ಸವಗಳಲ್ಲೂ ಫಿಲಂ ಸೊಸೈಟಿಗಳಲ್ಲೂ ನಾವು ಆರಿಸುವುದು ಕಾನ್, ಬರ್ಲಿನ್ ಈಗಾಗಲೇ ಆರಿಸಿದ್ದನ್ನೇ. ಇರಾನಿಯರು ತಾವೇ ಏನನ್ನು ಪ್ರೀತಿಸುತ್ತಾರೆ ಎಂದು ಕೇಳಿ ಒಂದು ಸರಣಿ ಮಾಡಿದರೆ ನಮಗೆ ಕಾಣುವ ದೇಶವೇ ಬೇರೆಯಾದೀತು.

ಇನ್ನೊಂದು ಸಂಗತಿ ನಿಯಮಗಳಿಗೆ ಸಂಬಂಧಿಸಿದ್ದು. ರಸೂಲೋಫ್, ಪನಾಹಿಯವರ ಈ ಚಿತ್ರಗಳ ಹೊತ್ತಿಗೆ ಆಸ್ಕರ್‌ನ ಅಂತರರಾಷ್ಟ್ರೀಯ ವಿಭಾಗಕ್ಕೆ ಪ್ರತಿ ದೇಶವೂ ಒಂದು ಚಿತ್ರ ಕಳಿಸಬಹುದಿತ್ತು, ಕಳಿಸುವ ಸಮಿತಿ ಆಯಾ ದೇಶದ್ದಾಗಿತ್ತು. ನಿಷೇಧ ಹಾಕಿದ ಸರ್ಕಾರವೇ ಆ ಚಿತ್ರವನ್ನು ಕಳಿಸುವುದು ಆಗದ ಮಾತು. ಹಾಗಾಗಿ ರಸೂಲೋಫ್ ಚಿತ್ರವನ್ನು ಜರ್ಮನಿ ತನ್ನದೆಂದು ಕಳಿಸಿತು, ಪನಾಹಿಯವರದನ್ನು ಫ್ರಾನ್ಸ್. ಟೆಹರಾನಿನ ಬೀದಿಯಲ್ಲಿ, ಪರ್ಷಿಯನ್ ಮಾತಿನಲ್ಲಿ, ಇರಾನಿನ ನಟರು ಮಾಡಿದ ಚಿತ್ರ ದಾಖಲೆಯಲ್ಲಿ ಫ್ರೆಂಚ್ ಚಿತ್ರ. ದೇಶವನ್ನು ಸರ್ಕಾರದ ಜೊತೆ ಒಂದೇ ಎಂದು ತಿಳಿಯುವ ಇಂಥ ನಿಯಮ ಇರುವಷ್ಟು ಕಾಲ ಪ್ರಶಸ್ತಿ ಕೊಡುವವರು ತಮ್ಮ ಬೆಂಬಲದ ಮಾತುಗಳನ್ನು ಪೂರ್ತಿ ಪಾಲಿಸಿದಂತಾಗದು.

ಮತ್ತೆ ಪ್ರಶಸ್ತಿಯ ಮೇಲೆ ಇರುವುದು ನಿರ್ದೇಶಕರ ಹೆಸರು. ಅದರ ಕಾವಲು ಸಿಗುವುದೂ ಅವರಿಗೇ. ‘ಮೈ ಫೇವರಿಟ್ ಕೇಕ್’ ಮಾಡಿದ ಮರ್ಯಮ್ ಮೊಗದ್ದಮ್, ಬೆಹ್ತಾಶ್ ಸನಾಯಿಹಾ 2024ರ ಬರ್ಲಿನ್‌ಗೆ ಹೋಗದಂತೆ ಅವರ ಪಾಸ್‌ಪೋರ್ಟುಗಳನ್ನು ಕಿತ್ತುಕೊಂಡಿದ್ದರು; ಚಿತ್ರ ಅಲ್ಲಿ ವಿಮರ್ಶಕರ ಪ್ರಶಸ್ತಿ ಪಡೆದಾಗ ಅವರು ಟೆಹರಾನಿನಲ್ಲಿದ್ದರು. 2022ರ ಕಾನ್‌ನಲ್ಲಿ ವಿಮರ್ಶಕರ ಪ್ರಶಸ್ತಿ ಪಡೆದ ‘ಲೈಲಾಸ್ ಬ್ರದರ್ಸ್’ ಚಿತ್ರದ ಸಯೀದ್ ರುಸ್ತಾಯಿಯವರಿಗೆ ಆ ಚಿತ್ರವನ್ನು ಅನುಮತಿಯಿಲ್ಲದೆ ಅಲ್ಲಿ ತೋರಿಸಿದ್ದಕ್ಕಾಗಿ ಶಿಕ್ಷೆಯಾಯಿತು. ‘ದಿ ಸೀಡ್ ಆಫ್ ದ ಸೇಕ್ರೆಡ್ ಫಿಗ್’ನ ತಾಯಿಯ ಪಾತ್ರ ಮಾಡಿದ ಸೊಹೈಲಾ ಗೊಲೆಸ್ತಾನಿ, ತಂದೆಯ ಪಾತ್ರದ ಮಿಸಾಘ್ ಝಾರೆ ಇರಾನಿನಲ್ಲೇ ಉಳಿದರು. ಕಾನ್‌ನ ಕೆಂಪು ಹಾಸಿನ ಮೇಲೆ ರಸೂಲೋಫ್ ಎರಡೂ ಕೈಯಲ್ಲಿ ಎತ್ತಿ ಹಿಡಿದದ್ದು ಅವರಿಬ್ಬರ ಭಾವಚಿತ್ರಗಳನ್ನು. ಬೆಳಕಿನವರು, ಧ್ವನಿಯವರು, ಗಾಡಿ ಓಡಿಸಿದವರ ಹೆಸರುಗಳು ಇಂಥ ಚಿತ್ರಗಳ ಕೊನೆಯಲ್ಲಿ ಅವರ ಸುರಕ್ಷತೆಗಾಗಿ ಎಷ್ಟೋ ಸಲ ಕಾಣಿಸುವುದೇ ಇಲ್ಲ. ಚಿತ್ರೋತ್ಸವಗಳು ಖಾಲಿ ಕುರ್ಚಿ ಇಟ್ಟು ನೆನೆಯಬೇಕಾದದ್ದು ಇವರನ್ನೂ. ಪ್ರಶಸ್ತಿಯ ಜೊತೆಗೆ ವಕೀಲರ ಖರ್ಚು, ವೀಸಾ, ಗಡಿ ದಾಟಿದವರಿಗೆ ಮುಂದಿನ ಚಿತ್ರದ ಕೆಲಸ, ಇವುಗಳ ಏರ್ಪಾಡನ್ನೂ ಅವು ತಮ್ಮ ಹೊಣೆಯೆಂದು ಒಪ್ಪಿಕೊಳ್ಳಬೇಕು.